ತಣ್ಣಗಿರುವ ಇಂಡಕ್ಷನ್ ಒಲೆ ಬೆಳಗ್ಗೆ ಬಿಸಿ ಎಂದು ತೋರಿಸುತ್ತಿದೆ: ಕೆಟ್ಟಿರುವುದು ಸೆನ್ಸರೋ, ಬೋರ್ಡೋ?

ಪ್ರಶ್ನೆ (ಸಾಗರ ತಾಲ್ಲೂಕಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಇಂಡಕ್ಷನ್ ಒಲೆಯ ವಿಷಯದಲ್ಲಿ ತಿಳಿದವರ ಸಲಹೆ ಬೇಕಾಗಿದೆ. ನಾಲ್ಕು ವರ್ಷ ಹಳೆಯದಾದ, ಒಂದೇ ಪಾತ್ರೆ ಇಡುವಂಥ, 2000 ವ್ಯಾಟ್‌ನ ಒಲೆ ಇದು. ಬೆಳಗಿನ ಕಾಫಿಗೆ ನೀರು ಕಾಯಿಸುವುದಕ್ಕೂ ಹಾಲು ಕಾಯಿಸುವುದಕ್ಕೂ ಅಮ್ಮ ಇದನ್ನೇ ನೆಚ್ಚಿಕೊಂಡಿದ್ದಾರೆ.

ಮಳೆ ಹಿಡಿದ ಮೇಲೆ ಒಂದು ವಿಚಿತ್ರ ತೊಂದರೆ ಶುರುವಾಗಿದೆ. ರಾತ್ರಿಯಿಡೀ ಪ್ಲಗ್ ತೆಗೆದಿಟ್ಟಿದ್ದ ಒಲೆಗೆ ಬೆಳಗ್ಗೆ ಐದೂವರೆಗೆ ಸ್ವಿಚ್ ಹಾಕಿದರೆ, ಗಾಜು ಮುಟ್ಟಿದಾಗ ಕೊರೆಯುವಷ್ಟು ತಣ್ಣಗಿದ್ದರೂ, ಅಡುಗೆ ಮುಗಿದ ಮೇಲೆ ಗಾಜು ಇನ್ನೂ ಬಿಸಿಯಿದೆ ಎಂದು ಎಚ್ಚರಿಸಲು ಬರುವ 'ಎಚ್' ಅಕ್ಷರ ಆಗಲೇ ಕಾಣಿಸಿಕೊಳ್ಳುತ್ತದೆ, ಮತ್ತು ಯಾರೂ ಏನನ್ನೂ ಒತ್ತದೆಯೇ ಒಳಗಿನ ಫ್ಯಾನ್ ತಿರುಗತೊಡಗುತ್ತದೆ. ಜೋರು ಮಳೆಯ ದಿನಗಳಲ್ಲಂತೂ ಪಾತ್ರೆಯಿಟ್ಟು ಆನ್ ಮಾಡಿದರೆ ದೋಷಸಂಖ್ಯೆ ತೋರಿಸಿ ನಿಂತುಬಿಡುತ್ತದೆ. ಫ್ಯಾನ್ ಅರ್ಧ ಗಂಟೆ ತಿರುಗಿದ ಮೇಲೆ ಎಲ್ಲವೂ ತಾನಾಗಿ ಸರಿಹೋಗುತ್ತದೆ. ಮಧ್ಯಾಹ್ನ ಅನ್ನ, ಸಾರು ಯಾವುದಕ್ಕೂ ತಕರಾರಿಲ್ಲ.

ಸರ್ವಿಸ್ ಸೆಂಟರಿಗೆ ಒಯ್ದಾಗ, ಒಲೆಯನ್ನು ಬಿಚ್ಚಿಯೂ ನೋಡದೆ, ಬೋರ್ಡ್ ಹೋಗಿದೆ, ಹೊಸದಕ್ಕೆ 2,800 ರೂಪಾಯಿ ಆಗುತ್ತದೆ ಎಂದರು. ಕೆಟ್ಟ ಬೋರ್ಡು ಮಧ್ಯಾಹ್ನದ ಹೊತ್ತಿಗೆ ಹೇಗೆ ಒಳ್ಳೆಯದಾಗುತ್ತದೆ ಎಂಬುದು ನನಗೆ ಅರ್ಥವಾಗಲಿಲ್ಲ. ನನ್ನ ಬಳಿ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇದೆ, ಅದನ್ನು ಬಳಸಲೂ ಬರುತ್ತದೆ. ತಪ್ಪು ಎಲ್ಲಿದೆ ಎಂಬುದನ್ನು ಮನೆಯಲ್ಲೇ ಖಚಿತಪಡಿಸಿಕೊಳ್ಳುವ ದಾರಿ ಇದೆಯೇ?

ಉತ್ತರ 1 (ರಿಪೇರಿ ಕೆಲಸದವರು, ದಾವಣಗೆರೆ)

ನಮಸ್ಕಾರ ಸರ್. ನೀವು ಲಕ್ಷಣಗಳನ್ನು ಇಷ್ಟು ಬಿಡಿಸಿ ಬರೆದಿರುವುದರಿಂದ ಅರ್ಧ ಕೆಲಸ ಆಗಲೇ ಮುಗಿದಂತಾಗಿದೆ. ಹೊಸ ಬೋರ್ಡಿಗೆ ದುಡ್ಡು ಕೊಡುವ ಮುನ್ನ ದಯವಿಟ್ಟು ಇದನ್ನು ಓದಿ.

ಈ ಒಲೆಗಳಲ್ಲಿ ಸಾಮಾನ್ಯವಾಗಿ ಎರಡು ಸೆನ್ಸರ್‌ಗಳಿರುತ್ತವೆ. ಒಂದು ತಾಮ್ರದ ಕಾಯಿಲ್‌ನ ನಟ್ಟನಡುವೆ, ಗಾಜಿನ ಕೆಳಮೈಗೆ ಒತ್ತಿಕೊಂಡು ಕುಳಿತಿರುತ್ತದೆ. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಗಾಜಿನ ಮಣಿ, ಅದರಿಂದ ಹೊರಟ ಎರಡು ಸಣ್ಣ ತಂತಿ, ಅವಕ್ಕೆ ಕೊಳವೆಯಂಥ ಬಿಳಿಯ ಹೊದಿಕೆ. ಇನ್ನೊಂದು, ಕಾಯಿಲ್‌ಗೆ ಹೋಗುವ ವಿದ್ಯುತ್ತನ್ನು ವೇಗವಾಗಿ ಆನ್-ಆಫ್ ಮಾಡುವ ಐಜಿಬಿಟಿ ಎಂಬ ಭಾಗ ಕುಳಿತಿರುವ, ಅದರ ಬಿಸಿಯನ್ನು ಹೊರಹಾಕುವ ಅಲ್ಯೂಮಿನಿಯಂ ಹೀಟ್ ಸಿಂಕ್‌ಗೆ ತಾಗಿಕೊಂಡಿರುತ್ತದೆ. ಎರಡೂ ಥರ್ಮಿಸ್ಟರ್‌ಗಳೇ: ಬಿಸಿಯೇರಿದಷ್ಟೂ ಅವುಗಳ ರೋಧ (ವಿದ್ಯುತ್ತಿಗೆ ಒಡ್ಡುವ ತಡೆ) ಇಳಿಯುತ್ತದೆ. ಗಾಜಿನ ಕೆಳಗಿನದು ಹೆಚ್ಚಿನ ಒಲೆಗಳಲ್ಲಿ 25 ಡಿಗ್ರಿಯಲ್ಲಿ 100 ಕಿಲೋ ಓಮ್ ತೋರಿಸುವ ಬಗೆಯದು. ಬೇರೆ ಬೆಲೆಯವನ್ನು ಹಾಕಿದ ಮಾದರಿಗಳೂ ಇವೆ, ಆದ್ದರಿಂದ ಹೊಸದನ್ನು ತರುವಾಗ ಹಳೆಯದರ ಅಳತೆ ನೋಡಿಯೇ ತರಬೇಕು.

ಬೋರ್ಡಿನಲ್ಲಿರುವ ಚಿಪ್‌ಗೆ ಗಾಜು ಬಿಸಿಯಾಗಿದೆಯೇ ಎಂಬುದು ನೇರವಾಗಿ ಗೊತ್ತಾಗುವುದಿಲ್ಲ; ಈ ರೋಧ ಎಷ್ಟಿದೆ ಎಂಬುದೊಂದೇ ಅದಕ್ಕೆ ಕಾಣುವುದು. ಹೀಗಾಗಿ ಸೆನ್ಸರ್ ತಂತಿ ಕಡಿದುಹೋದರೆ ವಿಪರೀತ ಚಳಿಯಿದೆ ಎಂದುಕೊಳ್ಳುತ್ತದೆ. ಎರಡು ತಂತಿಗಳ ನಡುವೆ ಬೇರೆ ದಾರಿಯಲ್ಲಿ ವಿದ್ಯುತ್ ಸೋರಿದರೆ ಇಲ್ಲದ ಬಿಸಿಯನ್ನು ಇದೆ ಎಂದುಕೊಳ್ಳುತ್ತದೆ. ನಿಮ್ಮ ಒಲೆ ತಣ್ಣಗಿದ್ದಾಗಲೂ ಬಿಸಿ ಎನ್ನುತ್ತಿದೆ, ಅದೂ ಗಾಳಿಯಲ್ಲಿ ತೇವ ಹೆಚ್ಚಿರುವ ಹೊತ್ತಿನಲ್ಲಿ ಮಾತ್ರ. ಫ್ಯಾನಿನ ಗಾಳಿ ತಾಗಿ ಒಣಗಿದ ಮೇಲೆ ಸರಿಹೋಗುತ್ತಿದೆ. ಇದು ಬಹುಮಟ್ಟಿಗೆ ಕನೆಕ್ಟರ್ ಬಳಿಯ ಸೋರಿಕೆಯೇ. ಮಲೆನಾಡಿನಿಂದ ಬರುವ ಒಲೆಗಳಲ್ಲಿ ನಾನು ಮೊದಲು ಹುಡುಕುವುದು ಜಿರಳೆಯ ಹಿಕ್ಕೆಯನ್ನು. ಒಳಗೆ ಬೆಚ್ಚಗಿರುತ್ತದೆ, ಕತ್ತಲಿರುತ್ತದೆ, ಗಾಳಿಯ ಕಿಂಡಿಯಿಂದ ದಾರಿಯೂ ಇರುತ್ತದೆ. ಜಿರಳೆಗೆ ಇನ್ನೇನು ಬೇಕು? ಹಿಕ್ಕೆ ಒಣಗಿದ್ದಾಗ ಏನೂ ಮಾಡುವುದಿಲ್ಲ, ತೇವ ಹೀರಿಕೊಂಡಾಗ ವಿದ್ಯುತ್ತಿಗೆ ದಾರಿ ಕೊಡುತ್ತದೆ.

ಪರೀಕ್ಷೆ ಮಾಡುವ ಕ್ರಮ ಹೇಳುತ್ತೇನೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಹತ್ತು ನಿಮಿಷ ಬಿಟ್ಟು ಸ್ಕ್ರೂ ಬಿಚ್ಚಿ ಗಾಜಿನ ಮೇಲ್ಮುಚ್ಚಳ ಎತ್ತಿ. ಈ ಬೋರ್ಡುಗಳಲ್ಲಿ ಮನೆಯ ವಿದ್ಯುತ್ತಿಗೂ ಒಳಗಿನ ಸರ್ಕ್ಯೂಟಿಗೂ ನಡುವೆ ಪ್ರತ್ಯೇಕತೆ ಇರುವುದಿಲ್ಲ. 230 ವೋಲ್ಟ್ ಡಿಸಿಗೆ ತಿರುಗಿದಾಗ ಸುಮಾರು 325 ವೋಲ್ಟ್ ಆಗುತ್ತದೆ, ಸೆನ್ಸರ್‌ನ ತಂತಿಯೂ ಅದೇ ಸರ್ಕ್ಯೂಟಿಗೆ ಸೇರಿದ್ದು. ಆದ್ದರಿಂದ ಮೊದಲು ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ದೊಡ್ಡ ಚೌಕದ ಫಿಲ್ಮ್ ಕೆಪಾಸಿಟರ್‌ಗಳ ಕಾಲುಗಳಲ್ಲಿ ಏನೂ ಉಳಿದಿಲ್ಲ ಎಂದು ನೋಡಿಕೊಳ್ಳಿ. ಕವಚ ತೆರೆದಿರುವಾಗ ಯಾವ ಕಾರಣಕ್ಕೂ ಪ್ಲಗ್ ಹಾಕಬೇಡಿ.

ಆಮೇಲೆ ಕಾಯಿಲ್‌ನ ನಡುವಿನಿಂದ ಹೊರಟ ತಂತಿಯನ್ನು ಕಣ್ಣಿನಲ್ಲೇ ಹಿಂಬಾಲಿಸಿ ಅದರ ಎರಡು ಪಿನ್‌ನ ಕನೆಕ್ಟರ್ ಕಂಡುಕೊಳ್ಳಿ. ಫ್ಯಾನಿನದೂ ಎರಡು ಪಿನ್‌ನದೇ ಇರುತ್ತದೆ, ಅದಲುಬದಲಾಗಬಾರದು. ಅದನ್ನು ಬಿಡಿಸಿ, ಸೆನ್ಸರ್ ಕಡೆಯ ತುದಿಗಳನ್ನು ಮೀಟರಿನ 200 ಕಿಲೋ ಓಮ್ ಅಳತೆಯಲ್ಲಿ ನೋಡಿ. ಮೀಟರಿನ ಎರಡೂ ಮೊನೆಗಳನ್ನು ಬೆರಳಿನಿಂದ ಒತ್ತಿ ಹಿಡಿದರೆ ನಿಮ್ಮ ಮೈಯ ರೋಧವೂ ಅದರಲ್ಲಿ ಸೇರಿ ಲೆಕ್ಕ ತಪ್ಪುತ್ತದೆ. ಮಣಿ ಸರಿಯಿದ್ದರೆ ಅಳತೆ ಕೋಣೆಯ ತಾಪಮಾನಕ್ಕೆ ಹೊಂದುತ್ತದೆ; ಮಣಿಯನ್ನು ಬೆರಳುಗಳ ನಡುವೆ ಹಿಡಿದರೆ ಅಂಕಿ ಸರಾಗವಾಗಿ 60ರ ಆಸುಪಾಸಿಗೆ ಇಳಿಯುತ್ತದೆ; ಬಿಟ್ಟರೆ ನಿಧಾನವಾಗಿ ಏರುತ್ತದೆ. ನಡುವೆ ಎಲ್ಲಾದರೂ ಜಿಗಿದರೆ, ತಂತಿ ಅಲುಗಾಡಿಸಿದಾಗ ಅಂಕಿ ಮಾಯವಾದರೆ, ಆಗ ಸೆನ್ಸರ್ ಬದಲಿಸಬೇಕು.

ಕೊನೆಗೆ ನನಗೆ ಬಹಳ ಉಪಯೋಗಕ್ಕೆ ಬಂದ ಒಂದು ಪರೀಕ್ಷೆ. ಸೆನ್ಸರ್ ಕನೆಕ್ಟರನ್ನು ಬಿಡಿಸಿಟ್ಟೇ ಮುಚ್ಚಳ ಹಾಕಿ, ಸ್ಕ್ರೂ ಬಿಗಿದು, ಮೇಲೆ ಪಾತ್ರೆ ಇಡದೆ, ತೇವವಿರುವ ಬೆಳಗಿನ ಹೊತ್ತಿನಲ್ಲಿ ಪ್ಲಗ್ ಹಾಕಿ ನೋಡಿ. ಸೆನ್ಸರೇ ಇಲ್ಲದಿದ್ದರೂ 'ಎಚ್' ಬಂದರೆ, ಸುಳ್ಳು ಹೇಳುತ್ತಿರುವುದು ಸೆನ್ಸರ್ ಅಲ್ಲ, ಬೋರ್ಡಿನ ಕಡೆಯ ಕೊಳೆ.

ಉತ್ತರ 2 (ತುಮಕೂರಿನಿಂದ)

ಇಷ್ಟೆಲ್ಲ ಶ್ರಮ ಬೇಕಾಗಿಲ್ಲ ಎಂದು ನನ್ನ ಅನಿಸಿಕೆ. ನಮ್ಮ ಒಲೆಯೂ ಸೆನ್ಸರ್‌ನ ದೋಷ ತೋರಿಸುತ್ತಿತ್ತು. ಪರಿಚಯದ ಅಂಗಡಿಯವರು ಸೆನ್ಸರ್ ತೆಗೆದು ಅದರ ಜಾಗದಲ್ಲಿ 82 ಕಿಲೋ ಓಮ್‌ನ ಒಂದು ರೆಸಿಸ್ಟರ್ ಬೆಸೆದುಕೊಟ್ಟರು. ಎರಡು ತಿಂಗಳಿನಿಂದ ಯಾವ ದೋಷವೂ ಬಂದಿಲ್ಲ, ಅಡುಗೆ ಚೆನ್ನಾಗಿಯೇ ಆಗುತ್ತಿದೆ.

ಉತ್ತರ 3 (ಪಾಲಿಟೆಕ್ನಿಕ್ ಉಪನ್ಯಾಸಕರು, ಹುಬ್ಬಳ್ಳಿ)

ತುಮಕೂರಿನವರಿಗೆ ಮೊದಲು ಬರೆಯುತ್ತಿದ್ದೇನೆ, ದಯವಿಟ್ಟು ಅನ್ಯಥಾ ಭಾವಿಸಬಾರದು. ಆ ಒಲೆಯನ್ನು ಇವತ್ತೇ ನಿಲ್ಲಿಸಿ. 82 ಕಿಲೋ ಓಮ್ ಎಂದರೆ ಚಿಪ್‌ನ ಲೆಕ್ಕದಲ್ಲಿ ಸುಮಾರು 30 ಡಿಗ್ರಿ. ಪಾತ್ರೆಯಲ್ಲಿ ನೀರು ಬತ್ತಿದರೂ, ಬಾಣಲೆಯ ಎಣ್ಣೆ ಹೊಗೆಯಾಡಿ ಹೊತ್ತಿಕೊಳ್ಳುವಷ್ಟು ಕಾದರೂ, ನಿಮ್ಮ ಒಲೆಗೆ ಅದು ಎಂದೆಂದಿಗೂ 30 ಡಿಗ್ರಿಯೇ. ಖಾಲಿ ಪಾತ್ರೆ ಇಂಡಕ್ಷನ್ ಮೇಲೆ ಎಷ್ಟು ಬೇಗ ಕೆಂಪಗೆ ಕಾಯಬಲ್ಲದು ಎಂಬುದನ್ನು ಕಂಡವರು ಈ ಕೆಲಸಕ್ಕೆ ಕೈಹಾಕುವುದಿಲ್ಲ. ಎರಡು ತಿಂಗಳು ಏನೂ ಆಗದಿರುವುದಕ್ಕೆ ಕಾರಣ ಆ ರೆಸಿಸ್ಟರ್ ಅಲ್ಲ. ಅಡುಗೆ ಮಾಡುವವರು ಒಲೆಯ ಮುಂದಿನಿಂದ ಕದಲದೆ ನಿಂತಿರುವುದು. ಎಷ್ಟೋ ಮಾದರಿಗಳಲ್ಲಿ, ಕಾಯಿಸತೊಡಗಿ ಒಂದೆರಡು ನಿಮಿಷವಾದರೂ ಸೆನ್ಸರ್‌ನ ಅಂಕಿ ಅಲುಗದಿದ್ದರೆ ದೋಷವೆಂದು ಘೋಷಿಸಿ ನಿಲ್ಲುವ ವ್ಯವಸ್ಥೆಯನ್ನೇ ಇಟ್ಟಿರುತ್ತಾರೆ. ನಿಮ್ಮದರಲ್ಲಿ ಆ ರಕ್ಷಣೆಯೂ ಇಲ್ಲವೆಂದು ಕಾಣುತ್ತದೆ. ಹೊಸ ಮಣಿ ಸೆನ್ಸರ್ ದುಬಾರಿ ವಸ್ತುವಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ರೆಸಿಸ್ಟರ್ ಹಾಕಿ ನೋಡುವ ಕ್ರಮ ರಿಪೇರಿಯವರಲ್ಲಿ ಇದೆ, ನಿಜ. ಆದರೆ ಅದು ದೋಷ ಸೆನ್ಸರ್‌ನದೋ ಬೋರ್ಡಿನದೋ ಎಂದು ಬೇರ್ಪಡಿಸಲು ಮಾಡುವ ಅರೆ ನಿಮಿಷದ ಪರೀಕ್ಷೆ. ಅದರ ಮೇಲೆ ಅಡುಗೆ ಮಾಡುವಂತಿಲ್ಲ.

ಇನ್ನು ಸಾಗರದವರ ವಿಷಯಕ್ಕೆ ಬರುತ್ತೇನೆ. ದಾವಣಗೆರೆಯವರು ಹೇಳಿದ್ದೆಲ್ಲವೂ ಸರಿ. ಒಲೆ ತನ್ನನ್ನು ಇರುವುದಕ್ಕಿಂತ ಬಿಸಿ ಎಂದುಕೊಳ್ಳುತ್ತಿದೆಯೋ ತಣ್ಣಗೆ ಎಂದುಕೊಳ್ಳುತ್ತಿದೆಯೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಯಾವ ತಾಪಮಾನದಲ್ಲಿ ಈ ತಪ್ಪು ದೊಡ್ಡದಾಗಿ ಕಾಣುತ್ತದೆ ಎಂಬುದೂ ಅಷ್ಟೇ ಮುಖ್ಯವಾದ ಸುಳಿವು. ಇದನ್ನು ಅಂಕಿಗಳಲ್ಲಿ ತೋರಿಸಿದರೆ ಸ್ಪಷ್ಟವಾಗುತ್ತದೆ. 100 ಕಿಲೋ ಓಮ್‌ನ, ಬೀಟಾ ಮೌಲ್ಯ (ಬಿಸಿಯೇರಿದಂತೆ ರೋಧ ಎಷ್ಟು ಬೇಗ ಇಳಿಯುತ್ತದೆ ಎಂಬುದರ ಅಳತೆ) 3950 ಇರುವ ಥರ್ಮಿಸ್ಟರ್ ಒಂದನ್ನು ತೆಗೆದುಕೊಳ್ಳೋಣ. ಅದರ ರೋಧ 22 ಡಿಗ್ರಿಯಲ್ಲಿ ಸುಮಾರು 114 ಕಿಲೋ ಓಮ್, 50 ಡಿಗ್ರಿಯಲ್ಲಿ 36, 100 ಡಿಗ್ರಿಯಲ್ಲಿ 7, 180 ಡಿಗ್ರಿಯಲ್ಲಿ ಬರೀ 1.1.

ಪಿನ್‌ಗಳ ನಡುವೆ ಕೊಳೆ ಕೂತು 25 ಕಿಲೋ ಓಮ್‌ನ ಸೋರಿಕೆ ಉಂಟಾಯಿತು ಎಂದಿಟ್ಟುಕೊಳ್ಳಿ. ಒಲೆ ತಣ್ಣಗಿದ್ದಾಗ 114ಕ್ಕೆ 25 ಸಮಾಂತರವಾಗಿ ಸೇರಿ ಒಟ್ಟು 20.5 ಆಗುತ್ತದೆ, ಚಿಪ್ ಅದನ್ನು 65 ಡಿಗ್ರಿ ಎಂದು ಓದುತ್ತದೆ. ಅಂದರೆ 43 ಡಿಗ್ರಿಯ ತಪ್ಪು. 'ಎಚ್' ಬರುವುದಕ್ಕೂ ಫ್ಯಾನ್ ತಿರುಗುವುದಕ್ಕೂ ಇಷ್ಟು ಸಾಕು. ಅದೇ ಸೋರಿಕೆ ಗಾಜು ನಿಜವಾಗಿ 100 ಡಿಗ್ರಿಗೆ ಬಂದಾಗ 109 ಎಂದು ತೋರಿಸುತ್ತದೆ, ತಪ್ಪು ಒಂಬತ್ತೇ ಡಿಗ್ರಿ. ಬೆಳಗ್ಗೆ ಹಠ ಮಾಡುವ ಒಲೆ ಒಮ್ಮೆ ಕಾದ ಮೇಲೆ ಚೆನ್ನಾಗಿ ಅಡುಗೆ ಮಾಡಿಕೊಡುವುದಕ್ಕೆ ಒಣಗುವಿಕೆಯ ಜೊತೆಗೆ ಇದೂ ಒಂದು ಕಾರಣ. ತೇವ ಇನ್ನೂ ಹೆಚ್ಚಿದ ದಿನ ಸೋರಿಕೆಯೂ ಹೆಚ್ಚುತ್ತದೆ, ಆಗ ಒಲೆ ದೋಷಸಂಖ್ಯೆ ತೋರಿಸಿ ನಿಲ್ಲುತ್ತದೆ.

ಈಗ ಇದಕ್ಕೆ ತದ್ವಿರುದ್ಧವಾದ ದೋಷ ನೋಡಿ. ಪಿನ್ ತುಕ್ಕು ಹಿಡಿದೋ ಬೆಸುಗೆ ಬಿರುಕು ಬಿಟ್ಟೋ ಸೆನ್ಸರ್‌ನ ಹಾದಿಯಲ್ಲೇ 5 ಕಿಲೋ ಓಮ್ ಹೆಚ್ಚುವರಿಯಾಗಿ ಸೇರಿತು ಎನ್ನೋಣ. ತಣ್ಣಗಿದ್ದಾಗ 114 ಇದ್ದದ್ದು 119 ಆಗುತ್ತದೆ. ಒಂದು ಡಿಗ್ರಿಯ ವ್ಯತ್ಯಾಸ, ಯಾರ ಗಮನಕ್ಕೂ ಬಾರದು. ಆದರೆ ಗಾಜು 180 ಡಿಗ್ರಿ ಮುಟ್ಟಿದಾಗ 1.1 ಇರಬೇಕಾದದ್ದು 6.1 ಆಗಿ, ಚಿಪ್ ಅದನ್ನು 105 ಡಿಗ್ರಿ ಎಂದುಕೊಂಡು ಇನ್ನಷ್ಟು ಕಾಯಿಸುತ್ತದೆ. ಗಾಜು ಎಷ್ಟೇ ಕಾದರೂ ಅಂಥ ಒಲೆಯ ಲೆಕ್ಕ 112 ಡಿಗ್ರಿಯನ್ನು ದಾಟುವುದೇ ಇಲ್ಲ. ಈ ಬಗೆಯ ಒಲೆ ದೋಷಸಂಖ್ಯೆ ತೋರಿಸುವುದಿಲ್ಲ, ಬೆಳಗ್ಗೆ ಸಲೀಸಾಗಿ ಶುರುವಾಗುತ್ತದೆ, ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇರುತ್ತದೆ. ಸಾಗರದವರ ಒಲೆ ತೊಂದರೆ ಕೊಡುತ್ತಿದೆ, ಆದರೆ ಅಪಾಯಕಾರಿಯಲ್ಲ. ಈ ಎರಡನೆಯದು ನಿಜವಾಗಿಯೂ ಅಪಾಯಕಾರಿ.

ನನ್ನ ಅಕ್ಕನ ಮನೆಯಲ್ಲಿ ಇಂಥದೇ ಒಂದನ್ನು ಕಂಡೆ. ದೋಸೆಗೆಂದು 180 ಡಿಗ್ರಿಗೆ ಇಟ್ಟರೆ ಮೊದಲ ದೋಸೆ ಚೆನ್ನಾಗಿ ಬರುತ್ತಿತ್ತು, ಮೂರನೆಯದರ ಹೊತ್ತಿಗೆ ಹಿಟ್ಟು ಹುಯ್ದ ಕೂಡಲೇ ಸೀದು ಕಾವಲಿಗೆ ಅಂಟುತ್ತಿತ್ತು, ಎಣ್ಣೆ ಹಚ್ಚಿದರೆ ಹೊಗೆ ಏಳುತ್ತಿತ್ತು. ಬಿಚ್ಚಿ ಅಳೆದಾಗ ಸೆನ್ಸರ್ ನಿರ್ದೋಷಿ, ಕನೆಕ್ಟರ್ ಸ್ವಚ್ಛ, ಬೆಸುಗೆ ಗಟ್ಟಿ. ಬಹಳ ಹೊತ್ತು ನನಗೂ ತಿಳಿಯಲಿಲ್ಲ. ಆಮೇಲೆ ಗಾಜನ್ನು ತಿರುಗಿಸಿ ಬೆಳಕಿಗೆ ಹಿಡಿದೆ. ಗಾಜಿನ ಬಿಸಿ ಚೆನ್ನಾಗಿ ತಲುಪಲೆಂದು ಮಣಿಗೆ ಹಚ್ಚಿದ ಥರ್ಮಲ್ ಪೇಸ್ಟ್ ಗಾಜಿನ ಕೆಳಮೈಯ ನಡುವೆ ಒಂದು ಗುಂಡನೆಯ ಬಿಳಿ ಅಚ್ಚು ಮೂಡಿಸಿರಬೇಕಿತ್ತು. ಅಲ್ಲಿ ಅಚ್ಚೇ ಇರಲಿಲ್ಲ. ಒಣಗಿದ ಪೇಸ್ಟ್ ಸುಣ್ಣದ ಪುಡಿಯಂತೆ ಕಾಯಿಲ್ ಮೇಲೆ ಉದುರಿತ್ತು. ಹಿಂದೆ ಯಾವಾಗಲೋ ಒಲೆ ಬಿಚ್ಚಿದವರು ಸೆನ್ಸರನ್ನು ಮೇಲಕ್ಕೆ ಒತ್ತಿಹಿಡಿಯುವ ಆಧಾರವನ್ನು ಸರಿಯಾಗಿ ಕೂರಿಸಿರಲಿಲ್ಲ, ಮಣಿ ಗಾಜಿನಿಂದ ಎರಡು ಮಿಲಿಮೀಟರಿನಷ್ಟು ಕೆಳಗೆ ಜಾರಿತ್ತು. ಅದು ಗಾಳಿಯ ಬಿಸಿಯನ್ನು ಅಳೆಯುತ್ತಿತ್ತು, ಗಾಜಿನದನ್ನಲ್ಲ. ಇದನ್ನು ಮೀಟರ್ ಹೇಳಲಾರದು, ಕಣ್ಣೇ ನೋಡಬೇಕು. ಆದ್ದರಿಂದ ಯಾರೇ ಒಲೆ ಬಿಚ್ಚಿದರೂ, ಮುಚ್ಚುವ ಮುನ್ನ ಹೊಸ ಪೇಸ್ಟ್ ಹಚ್ಚಿ, ಗಾಜನ್ನು ಒಮ್ಮೆ ಇಟ್ಟು ಎತ್ತಿ, ಅಚ್ಚು ಮೂಡಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ತಳ ಉಬ್ಬಿದ ಅಥವಾ ತಗ್ಗಿದ ಪಾತ್ರೆಯೂ ಇದೇ ರೀತಿ ಸೆನ್ಸರನ್ನು ದಾರಿ ತಪ್ಪಿಸುತ್ತದೆ.

ಉತ್ತರ 4 (ಬಳ್ಳಾರಿಯಿಂದ)

ಇದೇ ಎಳೆಯಲ್ಲಿ ನನ್ನದೊಂದು ಕೇಳಬಹುದೇ? ನಮ್ಮ ಒಲೆ ಬೆಳಗ್ಗೆ, ಸಂಜೆ ಎಂಬ ಭೇದವಿಲ್ಲದೆ ಎಂಟು ಹತ್ತು ನಿಮಿಷ ಚೆನ್ನಾಗಿ ಉರಿದು ನಿಲ್ಲುತ್ತದೆ, ಕಾಲು ಗಂಟೆ ಬಿಟ್ಟರೆ ಮತ್ತೆ ನಡೆಯುತ್ತದೆ. ಇದೂ ಸೆನ್ಸರ್‌ನ ತಪ್ಪೇ?

ಉತ್ತರ 5 (ರಿಪೇರಿ ಕೆಲಸದವರು, ದಾವಣಗೆರೆ)

ಇಲ್ಲ ಸರ್, ಬಹುಶಃ ನಿಮ್ಮ ಸೆನ್ಸರ್ ನಿಜವನ್ನೇ ಹೇಳುತ್ತಿದೆ. ಹೀಟ್ ಸಿಂಕ್ ನಿಜವಾಗಿಯೂ ಕಾಯುತ್ತಿದೆ. ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತಿದೆಯೇ, ಹೀಟ್ ಸಿಂಕ್‌ನ ಎಲೆಗಳ ನಡುವೆ ಎಣ್ಣೆ ಜಿಡ್ಡಿನ ಧೂಳು ತುಂಬಿದೆಯೇ, ಒಲೆಯನ್ನು ಗೋಡೆಗೆ ಒತ್ತಿ ಇಟ್ಟಿದ್ದೀರಾ, ಕೆಳಗೆ ಹಾಸಿದ ಪೇಪರ್ ಅಥವಾ ಪ್ಲಾಸ್ಟಿಕ್ ಗಾಳಿಯ ಕಿಂಡಿಯನ್ನು ಮುಚ್ಚುತ್ತಿದೆಯೇ ಎಂದು ನೋಡಿ. ನಿಮ್ಮ ಕಡೆಯ ಬೇಸಿಗೆಯಲ್ಲಿ ಅಡುಗೆಮನೆಯೇ 40 ಡಿಗ್ರಿ ಇರುವಾಗ ಫ್ಯಾನ್ ಸ್ವಲ್ಪ ಸೋತರೂ ಸಾಕು, ಐಜಿಬಿಟಿ ಕಾದು ಒಲೆ ನಿಲ್ಲುತ್ತದೆ. ಆ ಸೆನ್ಸರ್ ನಿಲ್ಲಿಸದೆ ಹೋಗಿದ್ದರೆ ಐಜಿಬಿಟಿ ಸುಟ್ಟು, ಅದರೊಡನೆ ಫ್ಯೂಸ್ ಮತ್ತು ಎಸಿಯನ್ನು ಡಿಸಿಗೆ ತಿರುಗಿಸುವ ಬ್ರಿಜ್ ರೆಕ್ಟಿಫೈಯರ್ ಕೂಡ ಹೋಗುತ್ತಿದ್ದವು.

ಉತ್ತರ 6 (ಪ್ರಶ್ನೆ ಕೇಳಿದವರು, ಸಾಗರ)

ಹತ್ತು ದಿನ ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ಮಳೆಯ ಬೆಳಗುಗಳಲ್ಲಿ ನೋಡಿಯೇ ಬರೆಯೋಣವೆಂದು ಕಾದೆ.

ನೀವಿಬ್ಬರೂ ಹೇಳಿದ ಕ್ರಮದಲ್ಲೇ ಮಾಡಿದೆ. ಗೋಡೆಯ ಥರ್ಮಾಮೀಟರ್ 22 ತೋರಿಸುತ್ತಿದ್ದಾಗ ಸೆನ್ಸರ್ 112 ಕಿಲೋ ಓಮ್ ಇತ್ತು. ಬೆರಳಲ್ಲಿ ಹಿಡಿದಾಗ ಎಲ್ಲೂ ಜಿಗಿಯದೆ 64ರವರೆಗೆ ಇಳಿಯಿತು. ಮರುದಿನ ಬೆಳಗ್ಗೆ, ಸೆನ್ಸರ್ ಬಿಡಿಸಿಟ್ಟು ಮುಚ್ಚಿದ ಒಲೆಗೆ ಪ್ಲಗ್ ಹಾಕಿದರೆ, ಸೆನ್ಸರೇ ಇಲ್ಲದ ಒಲೆ 'ಎಚ್' ತೋರಿಸಿ ಫ್ಯಾನ್ ತಿರುಗಿಸಿತು. ಅಮ್ಮ ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

ಮತ್ತೆ ಬಿಚ್ಚಿ, ಮೊಬೈಲಿನ ಬೆಳಕು ಬಿಟ್ಟು, ಭೂತಗನ್ನಡಿಯಲ್ಲಿ ಕನೆಕ್ಟರ್‌ನ ಬುಡ ನೋಡಿದೆ. ಮೇಲಿನಿಂದ ಅಷ್ಟೇನೂ ಕೊಳೆ ಇರಲಿಲ್ಲ. ಬೋರ್ಡಿನ ಕೆಳಮೈಯಲ್ಲಿ, ಸರಿಯಾಗಿ ಆ ಎರಡು ಪಿನ್‌ಗಳ ಬೆಸುಗೆಯ ನಡುವೆ, ಕಾಫಿ ಪುಡಿಯಂಥ ಕಂದು ಚುಕ್ಕೆಗಳಿದ್ದವು. ಅವುಗಳ ಸುತ್ತ, ಎಂದೋ ಉಕ್ಕಿ ಕಿಂಡಿಯಿಂದ ಇಳಿದ ಹಾಲಿನದಿರಬೇಕು, ತೆಳ್ಳನೆಯ ಹಳದಿ ಪೊರೆ ಕಟ್ಟಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೂರು ಸಲ ಉಜ್ಜಿ ಒರೆಸಿ, ಒಂದು ದಿನ ಒಲೆಗೂಡಿನ ಬೆಚ್ಚನೆಯ ಮೂಲೆಯಲ್ಲಿ ಒಣಗಲು ಬಿಟ್ಟೆ. ಸೆನ್ಸರ್‌ಗೆ ಹೊಸ ಪೇಸ್ಟ್ ಹಚ್ಚಿ ಗಾಜನ್ನು ಇಟ್ಟು ಎತ್ತಿ ನೋಡಿದಾಗ ನಾಲ್ಕಾಣೆ ಗಾತ್ರದ ಬಿಳಿ ಅಚ್ಚು ಸ್ಪಷ್ಟವಾಗಿ ಬಿದ್ದಿತ್ತು.

ಅಂದಿನಿಂದ ಎಂಟು ಬೆಳಗುಗಳಾದವು, ಅದರಲ್ಲಿ ಐದು ದಿನ ಬಿಡದೆ ಮಳೆ. 'ಎಚ್' ಒಮ್ಮೆಯೂ ಬಂದಿಲ್ಲ. ಇನ್ನು ಜಿರಳೆ ಒಳಗೆ ಹೋಗದಂತೆ ಗಾಳಿಯ ಕಿಂಡಿಗೆ ಸೊಳ್ಳೆ ಪರದೆಯ ಬಟ್ಟೆ ಅಂಟಿಸಬಹುದೇ?

ಉತ್ತರ 7 (ರಿಪೇರಿ ಕೆಲಸದವರು, ದಾವಣಗೆರೆ)

ಬಹಳ ಸಂತೋಷವಾಯಿತು ಸರ್. ಪರದೆ ಮಾತ್ರ ಬೇಡ. ಅಡುಗೆಮನೆಯ ಎಣ್ಣೆ ಹಬೆಗೆ ಆ ಸಣ್ಣ ಕಣ್ಣುಗಳು ಎರಡೇ ತಿಂಗಳಲ್ಲಿ ಮುಚ್ಚಿಹೋಗಿ, ಬಳ್ಳಾರಿಯವರ ತೊಂದರೆ ನಿಮಗೆ ಬರುತ್ತದೆ. ಅದರ ಬದಲು ಆ ಬೆಸುಗೆಗಳ ಮೇಲೆ ಬೋರ್ಡಿಗೆ ಹಚ್ಚುವ ರಕ್ಷಣಾ ವಾರ್ನಿಷ್‌ನ ಒಂದು ತೆಳು ಲೇಪ ಕೊಡಿ. ಕನೆಕ್ಟರ್‌ನ ಒಳಗೆ, ಪಿನ್‌ಗಳು ಕೂಡುವ ಜಾಗಕ್ಕೆ ಅದು ಹೋಗಬಾರದು, ಹೋದರೆ ಉಪನ್ಯಾಸಕರು ಹೇಳಿದ ಎರಡನೆಯ ಬಗೆಯ ದೋಷವನ್ನು ನಾವೇ ತಂದುಕೊಂಡಂತಾಗುತ್ತದೆ. ರಾತ್ರಿ ಒಲೆಯನ್ನು ಸಿಂಕ್‌ನಿಂದ ದೂರ, ಎತ್ತರದ ಒಣ ಹಲಗೆಯ ಮೇಲೆ ಇಡಲು ಅಮ್ಮನವರಿಗೆ ಹೇಳಿ.

ಉತ್ತರ 8 (ತುಮಕೂರಿನಿಂದ)

ರೆಸಿಸ್ಟರ್ ತೆಗೆಸಿದೆ. ಹೊಸ ಸೆನ್ಸರ್ ಹಾಕಿಸಿ, ಅಚ್ಚು ಮೂಡಿರುವುದನ್ನು ನಾನೇ ನಿಂತು ನೋಡಿಕೊಂಡು ಬಂದಿದ್ದೇನೆ.